ಓತಿಕ್ಯಾತನ ಮಂಗಳಸ್ನಾನ

ಹಲ್ಲಿ ಮೈಮೇಲೆ ಬಿದ್ದರೆ ಸ್ನಾನ ಮಾಡಬೇಕೆಂಬುದು ನಮ್ಮ ಹಿರಿಯರ ಕಟ್ಟಪ್ಪಣೆ. ತಲೆಯ ಮೇಲೆ ಬಿದ್ದರೆ ಏನು ಫಲ, ಭುಜದ ಮೇಲೆ ಬಿದ್ದರೆ ಏನು ಫಲ, ಗಂಡಸರಿಗೆ ಹೇಗೆ, ಹೆಂಗಸರಿಗೆ ಹೇಗೆ ಎಂಬುದನ್ನೆಲ್ಲ ಪಂಚಾಂಗದ ಪುಟಗಳಲ್ಲಿ ಇಂದಿಗೂ ಅಚ್ಚುಹಾಕುತ್ತಾರೆ. ಆದರೆ ಹಲ್ಲಿಯ ಬಳಗಕ್ಕೆ ಸೇರಿದ ಪ್ರಾಣಿಯೊಂದಕ್ಕೆ ಮನುಷ್ಯರೇ ಮುಂದಾಗಿ ಸ್ನಾನ ಮಾಡಿಸಿದರೆ ಯಾವ ಫಲ ದೊರೆಯುತ್ತದೆಂಬುದನ್ನು ಯಾವ ಪಂಚಾಂಗದಲ್ಲಿಯೂ ನಾನು ಕಾಣೆ. ಆ ಪುಣ್ಯವೋ ಪಾಪವೋ ನನ್ನ ಪಾಲಿಗೆ ಒದಗಿ ಬಂದದ್ದು 67ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯಾದ ಮೆಲ್ಬೋರ್ನ್ ನಗರದಲ್ಲಿ.

ಮಗಳ ಎರಡನೆಯ ಬಾಣಂತನಕ್ಕೆಂದು ನಾನು ಅಲ್ಲಿಗೆ ಹೋಗಿದ್ದೆ. ನಮ್ಮಲ್ಲಿ ಆಷಾಢದ ಗಾಳಿ ಬೀಸುವ ಜುಲೈ ತಿಂಗಳು ಅಲ್ಲಿ ಕೊರೆಯುವ ಚಳಿಗಾಲ. ಕೂಸಿಗೆ ನೀರೆರೆಯುವ ಕೆಲಸ ನನ್ನದೆಂಬುದು ಮೊದಲೇ ನಿಶ್ಚಯವಾಗಿತ್ತು. ಆ ಮನೆಯಲ್ಲಿ ಎರೆಸಿಕೊಳ್ಳಬೇಕಾದವರು ಇಬ್ಬರಿದ್ದಾರೆಂಬುದು ಮಾತ್ರ ಹೋದ ಮೇಲೆ ತಿಳಿಯಿತು. ಒಂಬತ್ತು ವರ್ಷದ ಮೊಮ್ಮಗ ನನ್ನ ಕೈಹಿಡಿದು ತನ್ನ ಕೋಣೆಗೆ ಕರೆದೊಯ್ದ. ಅಲ್ಲಿ ನಾಲ್ಕು ಅಡಿ ಉದ್ದದ ಗಾಜಿನ ಪೆಟ್ಟಿಗೆಯೊಳಗೆ, ಉರಿಯುವ ದೀಪದ ಕೆಳಗೆ, ಚಪ್ಪಟೆ ಕಲ್ಲೊಂದರ ಮೇಲೆ ಹೊಟ್ಟೆಯೂರಿ ಒಂದು ಪ್ರಾಣಿ ಮಲಗಿತ್ತು. ಮೂಗಿನಿಂದ ಬಾಲದ ತುದಿಯವರೆಗೆ ಒಂದೂವರೆ ಅಡಿಗೆ ಕಡಮೆಯಿಲ್ಲ. ಮರಳಿನ ಬಣ್ಣ, ಮೈಯ ಎರಡು ಪಕ್ಕಗಳಲ್ಲಿಯೂ ಮುಳ್ಳಿನ ಸಾಲು, ಗಂಟಲ ಕೆಳಗೂ ಮುಳ್ಳು.

“ಇವನ ಹೆಸರು ಸ್ಪೈಕ್, ಅಜ್ಜಿ. ಇವನು ಡ್ರ್ಯಾಗನ್,” ಎಂದ ಹೆಮ್ಮೆಯಿಂದ.

“ಡ್ರ್ಯಾಗನ್ ಎಲ್ಲಿಂದ ಬಂತೋ? ಇದು ನಮ್ಮ ಬೇಲಿಯ ಓತಿಕ್ಯಾತ ಕಣೋ,” ಎಂದೆ.

ನಾನು ತಮಾಷೆಗೆ ಆಡಿದ ಮಾತು ಶಾಸ್ತ್ರಸಮ್ಮತವೇ ಆಗಿತ್ತು. ಗಡ್ಡದ ಡ್ರ್ಯಾಗನ್ ಎಂದು ಇಂಗ್ಲಿಷಿನವರು ಕರೆಯುವ ಈ ಪ್ರಾಣಿಯೂ, ನಮ್ಮ ಬೇಲಿಗೂಟದ ಮೇಲೆ ಕುಳಿತು ಹೋಗಿಬರುವವರಿಗೆಲ್ಲ ತಲೆದೂಗುವ ಓತಿಕ್ಯಾತನೂ ಪ್ರಾಣಿಶಾಸ್ತ್ರದ ಪ್ರಕಾರ ಒಂದೇ ಕುಟುಂಬದವರು. ಇದಕ್ಕೆ 1926ರಲ್ಲಿ ಎರ್ನ್ಸ್ಟ್ ಆಲ್ ಎಂಬ ಜರ್ಮನ್ ವಿದ್ವಾಂಸರು ಶಾಸ್ತ್ರೀಯ ನಾಮಕರಣ ಮಾಡಿದರು. ಇಂದು ಅದನ್ನು ಪೊಗೊನ ವಿಟ್ಟಿಸೆಪ್ಸ್ ಎನ್ನುತ್ತಾರೆ. ಪೊಗೊನ ಎಂದರೆ ಗ್ರೀಕ್ ಮೂಲದಲ್ಲಿ ಗಡ್ಡ. ಆಸ್ಟ್ರೇಲಿಯಾ ಖಂಡದ ಒಳನಾಡಿನ ಒಣಭೂಮಿ ಅದರ ತವರು. ಸಿಟ್ಟು ಬಂದಾಗ, ಹೆದರಿದಾಗ ಗಂಟಲನ್ನು ಉಬ್ಬಿಸಿ ಕಪ್ಪಗೆ ಮಾಡಿಕೊಳ್ಳುತ್ತದೆ. ಅದೇ ಅದರ ಗಡ್ಡ. ಗಡ್ಡವೂ ಉಂಟು, ಮೈಗೆ ಚುಚ್ಚಿಕೊಂಡ ಬಾಣಗಳಂತೆ ಮುಳ್ಳುಗಳೂ ಉಂಟು, ಗಂಟೆಗಟ್ಟಲೆ ಮಲಗಿದಲ್ಲಿಯೇ ಮಲಗಿರುವ ಸ್ಥೈರ್ಯವೂ ಉಂಟು. ಇವನ್ನೆಲ್ಲ ನೋಡಿ ನಾನು ಆ ದಿನವೇ ಅದಕ್ಕೆ ‘ಭೀಷ್ಮ’ ಎಂದು ಹೆಸರಿಟ್ಟೆ. ಮೊಮ್ಮಗನಿಗೆ ಶರಶಯ್ಯೆಯ ಕಥೆ ಹೇಳಿದ ಮೇಲೆ ಅವನೂ ಒಪ್ಪಿದ.

ಹುಡುಗನಿಗೆ ಕನ್ನಡ ಅರ್ಥವಾಗುತ್ತಿತ್ತು, ಮಾತನಾಡಲು ಸಂಕೋಚ. ಆದರೆ ಭೀಷ್ಮನ ವಿಷಯ ಬಂದರೆ ಆ ಸಂಕೋಚ ಮಾಯವಾಗುತ್ತಿತ್ತು. ನಾನು ಕಲಿತದ್ದೆಲ್ಲ ಅವನಿಂದ. ಅದನ್ನು ಮೇಲಿನಿಂದ ಕೈಹಾಕಿ ಎತ್ತಬಾರದು. ಅದರ ನೆತ್ತಿಯ ಮೇಲೆ ಬೆಳಕು ನೆರಳುಗಳನ್ನು ಅರಿಯುವ ಮೂರನೆಯ ಕಣ್ಣೊಂದಿದೆ. ಅದು ರೂಪವನ್ನು ಕಾಣದು. ಮೇಲೆ ನೆರಳು ಹಾಯ್ದರೆ ಮಾತ್ರ ಗಿಡುಗ ಬಂತೆಂದು ಪ್ರಾಣಿ ಬೆದರುತ್ತದೆ. ಆದ್ದರಿಂದ ಪಕ್ಕದಿಂದ ಕೈಯನ್ನು ಮೆಲ್ಲಗೆ ಹೊಟ್ಟೆಯ ಕೆಳಗೆ ತೂರಿಸಿ, ನಾಲ್ಕು ಕಾಲುಗಳಿಗೂ ಆಸರೆ ಕೊಟ್ಟು ಎತ್ತಬೇಕು. ಬಾಲ ಹಿಡಿದು ಎಳೆಯಕೂಡದು. ಮನೆಯ ಹಲ್ಲಿಗೆ ಬಾಲ ಹೋದರೆ ಮತ್ತೆ ಚಿಗುರುತ್ತದೆ. ಇದಕ್ಕೆ ಹೋದ ಬಾಲ ಹೋದಂತೆಯೇ. ಕಲ್ಲಿನ ಮೇಲೆ ಕುಳಿತು ಬಾಯಿ ತೆರೆದುಕೊಂಡಿದ್ದರೆ ಹಸಿದಿದೆಯೆಂದು ಭ್ರಮಿಸಬಾರದು. ಮೈಯ ಶಾಖ ಹೆಚ್ಚಾದುದನ್ನು ಹೊರಗೆ ಹಾಕುತ್ತಿರುತ್ತದೆ. ಒಂದು ಮುಂಗಾಲನ್ನೆತ್ತಿ ಗಾಳಿಯಲ್ಲಿ ನಿಧಾನವಾಗಿ ಬೀಸಿದರೆ ಅದು ‘ಟಾಟಾ’ ಅಲ್ಲ. ‘ನೀನು ದೊಡ್ಡವನು, ನನಗೇನೂ ಮಾಡಬೇಡ’ ಎಂಬ ಶರಣಾಗತಿ.

ಆ ರಾಜ್ಯದಲ್ಲಿ ಇದನ್ನು ಸಾಕಲು ಸರ್ಕಾರದ ಪರವಾನಗಿ ಬೇಕು. ಆದರೆ ಪರವಾನಗಿ ಪಡೆದವರೆಲ್ಲ ಸಾಕುವ ವಿದ್ಯೆಯನ್ನು ಪಡೆದಿರುತ್ತಾರೆನ್ನುವಂತಿಲ್ಲ. ಭೀಷ್ಮನನ್ನು ಊರು ಬಿಟ್ಟು ಹೋಗುತ್ತಿದ್ದ ಒಂದು ಮನೆಯವರು ಇವರಿಗೆ ಒಪ್ಪಿಸಿದಾಗ ಅವನ ಹಿಂಗಾಲಿನ ಒಂದು ಬೆರಳು ಆಗಲೇ ಉದುರಿಹೋಗಿತ್ತು. ಕಾಲುಗಳಲ್ಲಿ ಸಣ್ಣ ನಡುಕವಿತ್ತು. ಪಶುವೈದ್ಯೆ ಮೊದಲು ಕೇಳಿದ್ದು ಆಹಾರವನ್ನಲ್ಲ, ದೀಪವನ್ನಂತೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಮೈಗೆ ಬಿದ್ದರೆ ಮಾತ್ರ ಈ ಪ್ರಾಣಿಯ ಚರ್ಮದಲ್ಲಿ ಸಾಕಷ್ಟು ಡಿ ಜೀವಸತ್ವ ಹುಟ್ಟುತ್ತದೆ. ಅದಿಲ್ಲದಿದ್ದರೆ ತಿಂದ ಸುಣ್ಣದ ಅಂಶ ಎಲುಬಿಗೆ ಸೇರದು. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ. ಆದುದರಿಂದ ಕಿಟಕಿಯ ಬಿಸಿಲು ಸಾಲದು, ಅದಕ್ಕೆಂದೇ ಮಾಡಿದ ದೀಪದ ಕೊಳವೆ ಬೇಕು. ಆ ಕೊಳವೆಯ ಮೋಸವೆಂದರೆ, ಕಣ್ಣಿಗೆ ಬೆಳಕು ಕಾಣುತ್ತಿದ್ದರೂ ಆರು ತಿಂಗಳಿಂದ ವರ್ಷದೊಳಗೆ ಅದರ ಕಿರಣ ಕುಂದಿಹೋಗುತ್ತದೆ. ಹಿಂದಿನ ಮನೆಯಲ್ಲಿ ದೀಪ ಉರಿಯುತ್ತಲೇ ಇತ್ತು. ಎಲುಬು ಸವೆಯುತ್ತಲೂ ಇತ್ತು. ಹೊಸ ಕೊಳವೆ ಹಾಕಿ, ಆಹಾರಕ್ಕೆ ಸುಣ್ಣದ ಪುಡಿ ಉದುರಿಸಿ ಕೊಡುತ್ತ ಬಂದ ಮೇಲೆ ನಡುಕ ನಿಂತಿತು. ಕೊಳವೆ ಬದಲಾಯಿಸಿದ ತಾರೀಖನ್ನು ಹುಡುಗ ಪೆಟ್ಟಿಗೆಯ ಮೇಲೆ ಚೀಟಿ ಬರೆದು ಅಂಟಿಸಿದ್ದ.

ಪೆಟ್ಟಿಗೆಯ ಒಂದು ತುದಿಯಲ್ಲಿ ಕಾಯುವ ಕಲ್ಲಿನ ಮೇಲೆ 40 ಡಿಗ್ರಿ ಸೆಲ್ಷಿಯಸ್ ಶಾಖ, ಇನ್ನೊಂದು ತುದಿಯಲ್ಲಿ 25ರ ಆಸುಪಾಸು. ತನ್ನ ಮೈಯಲ್ಲಿ ಶಾಖವನ್ನು ಹುಟ್ಟಿಸಿಕೊಳ್ಳಲಾರದ ಪ್ರಾಣಿ ಈ ಎರಡರ ನಡುವೆ ಓಡಾಡಿ ತನಗೆ ಬೇಕಾದ ಹದವನ್ನು ಆರಿಸಿಕೊಳ್ಳುತ್ತದೆ. ಊಟದ ವಿಷಯದಲ್ಲಿ ಭೀಷ್ಮ ನಮ್ಮವನೇ. ಬೆಳೆದ ಪ್ರಾಣಿಗೆ ಸೊಪ್ಪು ತರಕಾರಿಯೇ ಪ್ರಧಾನ, ಹುಳು ಹಪ್ಪಟೆ ವಾರಕ್ಕೆ ಕೆಲವು ಸಲ. ಸಿಹಿಗುಂಬಳವನ್ನು ತುರಿದು ಹಾಕಿದರೆ ಅಕ್ಕರೆಯಿಂದ ತಿನ್ನುತ್ತಿದ್ದ. ಪಾಲಕ್ ಸೊಪ್ಪಿನಲ್ಲಿರುವ ಆಮ್ಲ ಸುಣ್ಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ನಿತ್ಯ ಕೊಡಲಾಗದು, ಬೆಣ್ಣೆಹಣ್ಣು ವಿಷ. ಹುಳುಗಳನ್ನು ಅಂಗಡಿಯಲ್ಲಿ ಡಬ್ಬಿಗೆ ತುಂಬಿ ಮಾರುತ್ತಾರೆ. ಒಮ್ಮೆ ಚಿಮ್ಮಂಡೆಗಳ ಜೊತೆಗೆ ರೇಷ್ಮೆಹುಳುಗಳೂ ಬಂದವು. ಮೈಸೂರು ಸೀಮೆಯ ಹೆಣ್ಣುಮಗಳಾದ ನಾನು ನಮ್ಮ ಪಟ್ಟೆಸೀರೆಯ ಮೂಲಪುರುಷರನ್ನು ಭೀಷ್ಮನು ಗುಳುಂ ಮಾಡುವುದನ್ನು ನೋಡಲಾರದೆ ಮುಖ ತಿರುಗಿಸಿಕೊಂಡೆ.

ಇಷ್ಟರಲ್ಲಿ ಕೂಸು ಆಸ್ಪತ್ರೆಯಿಂದ ಮನೆಗೆ ಬಂದಿತು. ಆ ರಾಜ್ಯದಲ್ಲಿ ಬಾಣಂತಿಯನ್ನೂ ಶಿಶುವನ್ನೂ ನೋಡಿಕೊಂಡು ಹೋಗಲು ದಾದಿಯೊಬ್ಬರು ಮನೆಗೇ ಬರುವ ಒಳ್ಳೆಯ ಏರ್ಪಾಡಿದೆ. ಹಾಗೆ ಬಂದ ಹೆಣ್ಣುಮಗಳು ಮನೆಯಲ್ಲಿ ಸಾಕುಪ್ರಾಣಿಯುಂಟೇ ಎಂದು ಕೇಳಿದರು. ವಿಷಯ ತಿಳಿದೊಡನೆ ಅವರ ಮುಖ ಗಂಭೀರವಾಯಿತು. ಸರೀಸೃಪಗಳ ಕರುಳಿನಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ಮನೆಮಾಡಿಕೊಂಡಿರುವುದುಂಟು. ಪ್ರಾಣಿಗೆ ಅದರಿಂದ ಏನೂ ಆಗದು. ನೋಡಲು ಆರೋಗ್ಯವಾಗಿಯೇ ಇರುತ್ತದೆ. ಆದರೆ ಅದನ್ನು ಮುಟ್ಟಿದ ಕೈ, ತಾಗಿದ ಬಟ್ಟೆ, ತೊಳೆದ ಪಾತ್ರೆ ಇವುಗಳ ಮೂಲಕ ಎಳೆಯ ಶಿಶುವಿಗೆ ತಗುಲಿದರೆ ಬೇಧಿಯಲ್ಲಿಯೇ ನಿಲ್ಲದೆ ರಕ್ತಕ್ಕೂ ಮಿದುಳಿನ ಪೊರೆಗೂ ಏರಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಇಂಥ ಪ್ರಾಣಿ ಇಲ್ಲದಿರುವುದೇ ಮೇಲು ಎಂದು ಅವರು ಸ್ಪಷ್ಟವಾಗಿ ಹೇಳಿದರು. ಇದು ಒಬ್ಬ ದಾದಿಯ ಅಳುಕಲ್ಲ. ಮಕ್ಕಳಿಗೆ ಹೀಗೆಯೇ ರೋಗ ಹರಡುತ್ತಿದ್ದುದರಿಂದ 1975ರಲ್ಲಿ ಅಮೆರಿಕದ ಸರ್ಕಾರ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನೇ ನಿಷೇಧಿಸಿತು.

ಅಂದು ರಾತ್ರಿ ಅಳಿಯಂದಿರು, “ಯಾರಿಗಾದರೂ ಕೊಟ್ಟುಬಿಡೋಣ,” ಎಂದರು. ಮಗಳು ಮಾತನಾಡಲಿಲ್ಲ. ಹುಡುಗ ಹಟ ಮಾಡಲಿಲ್ಲ, ಅಳಲೂ ಇಲ್ಲ. ಊಟ ಮುಗಿಸಿ ತನ್ನ ಕೋಣೆಗೆ ಹೋಗಿ ಗಾಜಿನ ಮುಂದೆ ಕುಳಿತ. ನಾನು ಹೋಗಿ ಪಕ್ಕದಲ್ಲಿ ಕುಳಿತಾಗ ಒಂದೇ ಒಂದು ಮಾತು ಕೇಳಿದ: “ಪಾಪು ಬಂದಿದ್ದಕ್ಕೆ ಇವನು ಹೋಗಬೇಕಾ, ಅಜ್ಜಿ?”

ಆ ಪ್ರಶ್ನೆಯಲ್ಲಿ ಓತಿಕ್ಯಾತನೊಬ್ಬನ ವಿಚಾರವಷ್ಟೇ ಇರಲಿಲ್ಲ. ಎರಡನೆಯ ಕೂಸು ಹುಟ್ಟಿದ ಮನೆಯಲ್ಲಿ ಮೊದಲ ಮಗು ತನ್ನ ಜಾಗವನ್ನು ಅಳೆದು ನೋಡುತ್ತಿರುತ್ತದೆ. ನಾಲ್ಕು ಮಕ್ಕಳನ್ನು ಹೆತ್ತು, ಎಂಟು ಬಾಣಂತನಗಳನ್ನು ಕಂಡವಳಿಗೆ ಇದು ತಿಳಿಯದ ಸಂಗತಿಯಲ್ಲ. ಕೂಸಿನ ಕ್ಷೇಮ ದೊಡ್ಡದು. ಆದರೆ ‘ನೀನು ಬಂದೆ, ನನ್ನದು ಹೋಯಿತು’ ಎಂಬ ಮುಳ್ಳೊಂದು ಅಣ್ಣನ ಎದೆಯಲ್ಲಿ ನೆಟ್ಟರೆ ಅದನ್ನು ಯಾವ ವೈದ್ಯರು ಕೀಳಬಲ್ಲರು?

ಮರುದಿನ ಅಳಿಯಂದಿರೊಡನೆ ಮಾತನಾಡಿದೆ. “ನಾನು ಇರುವ ಆರು ತಿಂಗಳು ಇರಲಿ. ಕೂಸು ಇನ್ನೂ ಅಂಬೆಗಾಲಿಡುವುದಿಲ್ಲ. ಆವರೆಗೆ ಮಡಿಯನ್ನು ಕಾಯುವ ಭಾರ ನನ್ನದು,” ಎಂದೆ.

ಮಡಿಯೆಂಬ ಮಾತನ್ನು ನಾನು ಬೇಕೆಂದೇ ಆಡಿದೆ. ನಮ್ಮ ಅತ್ತೆಯವರ ಮಡಿಯನ್ನು ಇಪ್ಪತ್ತು ವರ್ಷ ಕಂಡವಳು ನಾನು. ಆ ಮಡಿಯಲ್ಲಿ ಮನುಷ್ಯರನ್ನೇ ಹೊಸಿಲಾಚೆ ನಿಲ್ಲಿಸುವ ಅನ್ಯಾಯವಿತ್ತು. ಅದನ್ನು ಮರೆತಿಲ್ಲ, ಮರೆಯಲೂಬಾರದು. ಆದರೆ ಮುಟ್ಟಿದ್ದನ್ನು ಮುಟ್ಟದ್ದರಿಂದ ಬೇರೆಯಿಡುವ ಶಿಸ್ತು ಮಾತ್ರ ನನ್ನ ಕೈಗೆ ಅಂಟಿಕೊಂಡು ಉಳಿದಿತ್ತು. ಅದಕ್ಕೊಂದು ನಿಜವಾದ ಕಾರಣ ದೊರೆತದ್ದು ಮೆಲ್ಬೋರ್ನಿನಲ್ಲಿ. ಭೀಷ್ಮನ ಕೋಣೆಯ ಬಾಗಿಲು ಸದಾ ಮುಚ್ಚಿರಬೇಕು. ಕೂಸು ಆ ಹೊಸಿಲು ದಾಟಕೂಡದು. ಅವನ ತಟ್ಟೆ, ತೊಟ್ಟಿ, ಬ್ರಷ್ಷು, ಟವಲು ಎಲ್ಲವೂ ಬೇರೆ. ಒಂದೂ ಅಡುಗೆಮನೆಗೆ ಬರಕೂಡದು. ಅವನನ್ನು ಮುಟ್ಟಿದವರು ಸಾಬೂನು ಹಚ್ಚಿ ಕೈ ತೊಳೆದು, ಬಟ್ಟೆ ಬದಲಾಯಿಸಿದ ಮೇಲೆಯೇ ಕೂಸಿನ ಹತ್ತಿರ ಸುಳಿಯಬೇಕು. ಮುದ್ದಿಸುವುದಾಗಲಿ ಮುಖದ ಹತ್ತಿರ ಹಿಡಿಯುವುದಾಗಲಿ ಸರ್ವಥಾ ಇಲ್ಲ. ಮಗಳು ನಕ್ಕು, “ಅಮ್ಮ, ಅಜ್ಜಿಗಿಂತ ನೀನೇ ಹೆಚ್ಚು ಮಡಿಯಾದೆ,” ಎಂದಳು. ಹುಡುಗನಂತೂ ಸೈನಿಕನಂತೆ ಪಾಲಿಸಿದ.

ಇನ್ನು ಸ್ನಾನದ ವಿಚಾರ. ಕೂಸಿಗೆ ಎರೆಯುವುದೆಂದರೆ ನಮ್ಮಲ್ಲಿ ಒಂದು ಉತ್ಸವ. ಹಂಡೆಯ ತುಂಬ ಹಬೆಯಾಡುವ ನೀರು, ಎಣ್ಣೆ, ಕಡಲೆಹಿಟ್ಟು, ಕಾಲು ಚಾಚಿ ಕುಳಿತ ಅಜ್ಜಿ, ಕೊನೆಗೆ ಸಾಂಬ್ರಾಣಿಯ ಹೊಗೆ. ಅಕ್ಕರೆ ಹೆಚ್ಚಿದಷ್ಟೂ ನೀರು ಹೆಚ್ಚು, ಬಿಸಿ ಹೆಚ್ಚು. ಭೀಷ್ಮನ ಸ್ನಾನದಲ್ಲಿ ಇವುಗಳಲ್ಲಿ ಒಂದಕ್ಕೂ ಅವಕಾಶವಿಲ್ಲ. ಎಣ್ಣೆ ಕೂಡದು, ಸಾಬೂನು ಕೂಡದು. ಅಗಲವಾದ ತೊಟ್ಟಿಯಲ್ಲಿ ಅವನ ಮೊಣಕೈ ಮುಳುಗುವಷ್ಟು ಮಾತ್ರ ನೀರು. ಶಾಖ 30ರಿಂದ 35 ಡಿಗ್ರಿಯ ಒಳಗೆ, ಅಂದರೆ ನಮ್ಮ ಕೈಗೆ ಬಿಸಿಯೆಂದೂ ತೋರಬಾರದು, ತಣ್ಣಗೆಂದೂ ತೋರಬಾರದು. ಹುಡುಗ ಉಷ್ಣಮಾಪಕ ಅದ್ದಿ ನೋಡುತ್ತಿದ್ದ. ನನ್ನ ಕೈಗೆ ಆ ನೀರು ಸಪ್ಪೆ, “ಇನ್ನೊಂದು ಚೊಂಬು ಬಿಸಿನೀರು ಬೆರೆಸಬಾರದೇನೋ?” ಎಂದು ಕೇಳಿದರೆ, “ನಿಮಗಲ್ಲ ಅಜ್ಜಿ ಸ್ನಾನ, ಅವನಿಗೆ,” ಎಂದುಬಿಟ್ಟ.

ಕಾಲು ಜಾರದಂತೆ ತಳದಲ್ಲಿ ಒಂದು ಹಳೆಯ ಬಟ್ಟೆ ಹಾಸಬೇಕು. ಹತ್ತು ಹದಿನೈದು ನಿಮಿಷ ಸಾಕು. ನೀರು ಆರುತ್ತ ಬಂದರೆ ಬದಲಾಯಿಸಬೇಕು. ಅರೆಕ್ಷಣವೂ ಬಿಟ್ಟು ಏಳಕೂಡದು. ನೀರು ಕಡಮೆಯಾದರೂ ಮುಳುಗುವ ಅಪಾಯ ಇದ್ದೇ ಇದೆ. ಬೆನ್ನಿನ ಮೇಲೆ ಬೊಗಸೆಯಿಂದ ಸ್ವಲ್ಪ ಸ್ವಲ್ಪವಾಗಿ ನೀರು ಬಿಡಬೇಕು, ಮೂಗಿಗೆ ಬೀಳದಂತೆ. ಭೀಷ್ಮ ಮೊದಲು ಹೊಟ್ಟೆಯನ್ನು ಉಬ್ಬಿಸಿಕೊಂಡು ತೆಪ್ಪದಂತೆ ತೇಲಲು ನೋಡುವನು. ಆಮೇಲೆ ಧೈರ್ಯ ತಂದುಕೊಂಡು ಕಾಲೂರಿ ನಿಂತು ನಾಲಿಗೆಯಿಂದ ನೀರು ನೆಕ್ಕುವನು. ಚರ್ಮ ನೀರನ್ನು ಹೀರುತ್ತದೆಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. ಒಣನಾಡಿನ ಪ್ರಾಣಿಯ ಚರ್ಮ ನೀರನ್ನು ತಡೆಯುವುದಕ್ಕಾಗಿ ಇರುವುದೇ ಹೊರತು ಹೀರುವುದಕ್ಕಾಗಿ ಅಲ್ಲ, ಕುಡಿದಷ್ಟೇ ಲಾಭ. ತನ್ನ ಕಾಡಿನಲ್ಲಿ ಅಪರೂಪಕ್ಕೆ ಮಳೆಯಾದಾಗ ಈ ಪ್ರಾಣಿ ಹಿಂಭಾಗವನ್ನೆತ್ತಿ ತಲೆ ತಗ್ಗಿಸಿ ನಿಂತು, ಬೆನ್ನಮೇಲೆ ಬಿದ್ದ ಹನಿ ಬಾಯಿಗೆ ಹರಿದು ಬರುವಂತೆ ಮಾಡಿಕೊಳ್ಳುತ್ತದಂತೆ.

ಸ್ನಾನಕ್ಕೆ ವೇಳೆಯೂ ಉಂಟು. ಬೆಳಿಗ್ಗೆ ದೀಪದ ಕೆಳಗೆ ಒಂದೆರಡು ಗಂಟೆ ಮೈ ಕಾಯಿಸಿಕೊಂಡ ಮೇಲೆ ಸ್ನಾನ; ಆದ ಕೂಡಲೇ ಬಾಲದ ಬುಡದವರೆಗೂ ಒರಸಿ ಮತ್ತೆ ದೀಪದ ಕೆಳಗೆ. ಸಂಜೆಯ ಸ್ನಾನ ಕೂಡದು, ಒದ್ದೆ ಮೈಯಲ್ಲಿ ದೀಪವಾರಿದ ರಾತ್ರಿಯನ್ನು ಕಳೆಯಬೇಕಾಗುತ್ತದೆ. ವಾರಕ್ಕೊಂದು ಸಲ ಧಾರಾಳವಾಯಿತು. ನೀರಿಗಿಳಿದೊಡನೆ ಮಲವಿಸರ್ಜನೆ ಮಾಡುವುದು ಇವುಗಳ ಅಭ್ಯಾಸ. ಆ ನೀರನ್ನು ಪಾಯಿಖಾನೆಗೆ ಸುರಿದು ತೊಟ್ಟಿಯನ್ನು ರೋಗಾಣುನಾಶಕದಿಂದ ತೊಳೆಯುವವರೆಗೆ ಸ್ನಾನ ಮುಗಿದಂತಲ್ಲ.

ಆಗಸ್ಟಿನಲ್ಲಿ ಭೀಷ್ಮ ಪೊರೆ ಬಿಡಲಾರಂಭಿಸಿದ. ಹಾವಿನಂತೆ ಒಂದೇ ಚೀಲವಾಗಿ ಅಲ್ಲ, ಹಳೆಯ ಗೋಡೆಯ ಸುಣ್ಣದಂತೆ ಚಕ್ಕೆ ಚಕ್ಕೆಯಾಗಿ. ಬೆನ್ನು, ತಲೆ, ಗಡ್ಡ ಎಲ್ಲ ಹೊಸದಾಗಿ ಹೊಳೆದವು. ಬಲ ಹಿಂಗಾಲಿನ ನಡುಬೆರಳಿನ ಬುಡದಲ್ಲಿ ಮಾತ್ರ ಹಳೆಯ ಚರ್ಮ ಉಂಗುರದಂತೆ ಬಿಗಿದುಕೊಂಡು ನಿಂತಿತು. ಎರಡು ದಿನದಲ್ಲಿ ಬೆರಳು ಊದಿತು. ಇನ್ನೊಂದು ಕಾಲಿನ ಬೆರಳು ಹೋದದ್ದೂ ಹೀಗೆಯೇ ಎಂದು ವೈದ್ಯೆ ಮೊದಲೇ ಹೇಳಿದ್ದರು. ಉಂಗುರ ಬಿಗಿದು ರಕ್ತ ಹರಿಯದಿದ್ದರೆ ಬೆರಳು ಒಣಗಿ ಉದುರುತ್ತದೆ. ಫೋನಿನಲ್ಲಿ ಕೇಳಿದಾಗ, “ನೆನೆಸಿ, ಕಾಯಿರಿ, ಎಳೆಯಬೇಡಿ; ಮೂರು ದಿನದಲ್ಲಿ ಬರದಿದ್ದರೆ, ಬೆರಳು ಕಪ್ಪಾದರೆ ಕರೆತನ್ನಿ,” ಎಂದರು.

ಎಳೆಯಬೇಡಿ ಎಂಬ ಮಾತು ಸುಲಭ. ಚರ್ಮದ ಒಂದು ಎಳೆ ಕಣ್ಣೆದುರಿಗೇ ಜೋತಾಡುತ್ತಿತ್ತು. ಹುಡುಗನ ಕೈ ಮತ್ತೆ ಮತ್ತೆ ಅತ್ತ ಹೋಗುತ್ತಿತ್ತು. “ಒಂದು ಸಲ, ಅಜ್ಜಿ, ಒಂದೇ ಸಲ ಎಳೀತೀನಿ,” ಎನ್ನುವನು. ಕೆಳಗಿನ ಎಳೆಯ ಚರ್ಮವೂ ಕಿತ್ತುಬಂದರೆ ಗಾಯವಾಗಿ ಕೀವು ಹಿಡಿಯುತ್ತದೆ. “ಪಾಪುವಿನ ಹೊಕ್ಕುಳಬಳ್ಳಿ ನೋಡಿದೆಯಲ್ಲ, ಅದನ್ನು ನಾವು ಎಳೆದೆವೇನೋ? ಒಣಗಿ ತಾನಾಗಿ ಬಿತ್ತು. ಇದೂ ಹಾಗೆಯೇ,” ಎಂದೆ. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ತನ್ನ ತಂಗಿಗೂ ತನ್ನ ಭೀಷ್ಮನಿಗೂ ಒಂದೇ ನ್ಯಾಯವೆಂಬುದು ಅವನಿಗೆ ಹಿಡಿಸಿತೆಂದು ತೋರುತ್ತದೆ.

ದಿನಕ್ಕೆರಡು ಸಲ ಕಾಲುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಯಿಟ್ಟೆವು. ಮಗುವಿನ ಹಲ್ಲುಜ್ಜುವ ಮೆತ್ತನೆಯ ಬ್ರಷ್ಷೊಂದನ್ನು ಹೊಸದಾಗಿ ಕೊಂಡು, ಬೆರಳ ಬುಡದಿಂದ ತುದಿಯ ಕಡೆಗೆ, ಮುಟ್ಟಿದರೋ ಇಲ್ಲವೋ ಎಂಬಷ್ಟು ಹಗುರವಾಗಿ ನಾನು ಸವರುತ್ತಿದ್ದೆ. ಅವನು ಭೀಷ್ಮನನ್ನು ಹಿಡಿದಿರುತ್ತಿದ್ದ. ಮೂರನೆಯ ದಿನ ಬೆಳಿಗ್ಗೆ ಉಂಗುರ ಸಡಿಲಗೊಂಡು ನೀರಿನಲ್ಲಿ ತೇಲಿತು. ಬೆರಳು ಕೆಂಪಾಗಿತ್ತು, ಆದರೆ ಉಳಿದಿತ್ತು. ಹುಡುಗ ಕೂಗಾಡಲಿಲ್ಲ. ಆ ಚರ್ಮದ ತುಣುಕನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಳ್ಳಬಹುದೇ ಎಂದು ಕೇಳಿದ. ಮಡಿಯ ಕಾನೂನಿನಂತೆ ಕೂಡದೆಂದೆ, ಒಪ್ಪಿದ.

ಅಕ್ಕರೆಯಿದ್ದರೆ ಆಯಿತು, ಆರೈಕೆ ತಾನಾಗಿ ಬರುತ್ತದೆ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ನಮಗೆ ಹಿತವಾದುದನ್ನು ಇನ್ನೊಬ್ಬರಿಗೆ ಸುರಿಯುವುದು ಅಕ್ಕರೆ. ಅವರಿಗೆ ಹಿತವಾದುದು ಯಾವುದೆಂದು ಅಳೆದು ತಿಳಿದು, ಅಷ್ಟನ್ನೇ ಕೊಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳುವುದು ಆರೈಕೆ. ನಾಯಿ ಬಾಲವಾಡಿಸುತ್ತದೆ, ಬೆಕ್ಕು ಕಾಲು ಸುತ್ತುತ್ತದೆ. ಓತಿಕ್ಯಾತನಿಂದ ಅಂಥ ಪ್ರತಿಫಲವೇನೂ ಇಲ್ಲ. ಬದುಕಿದೆ, ಬೆರಳು ನೆಟ್ಟಗಿದೆ ಎಂಬುದೇ ಅವನು ಸಲ್ಲಿಸುವ ಕೃತಜ್ಞತೆ.

ಡಿಸೆಂಬರಿನ ಹೊತ್ತಿಗೆ ಕೂಸು ಮಗುಚಿ ತೆವಳತೊಡಗಿತು. ನಾನು ಹೊರಡುವ ದಿನ ಹತ್ತಿರವಾಯಿತು. ಮಗಳು ಕೆಲಸಕ್ಕೆ ಮರಳುವವಳಿದ್ದಳು. ಮಡಿಯನ್ನು ಕಾಯುವವರು ಇನ್ನು ಯಾರು? ಈ ಪ್ರಶ್ನೆಯನ್ನು ದೊಡ್ಡವರು ಯಾರೂ ಎತ್ತಲಿಲ್ಲ. ಒಂದು ಸಂಜೆ ಹುಡುಗನೇ ಎತ್ತಿದ. “ಪಾಪು ಈಗ ಎಲ್ಲಾನೂ ಬಾಯಿಗೆ ಹಾಕ್ಕೋತಾಳೆ. ನನ್ನ ಕೋಣೆ ಬಾಗಿಲು ಒಂದು ದಿನ ಮರೆತರೆ?” ಎಂದ. ಹಿಂದಿನ ಬೀದಿಯಲ್ಲಿದ್ದ ಅವನ ಸಹಪಾಠಿಯ ಮನೆಯಲ್ಲಿ ಪರವಾನಗಿಯೂ ಇತ್ತು, ಚಿಕ್ಕ ಮಕ್ಕಳೂ ಇರಲಿಲ್ಲ. ಮಾತುಕತೆ ಅವನದೇ, ಷರತ್ತುಗಳೂ ಅವನವೇ. ಭಾನುವಾರದ ಸ್ನಾನ ತಾನೇ ಮಾಡಿಸುವುದು. ದೀಪದ ಕೊಳವೆಯ ತಾರೀಖಿನ ಚೀಟಿಯನ್ನು ಕೀಳಬಾರದು. ಭೀಷ್ಮ ಎಂಬ ಹೆಸರನ್ನು ಬದಲಾಯಿಸಬಾರದು. ಅಳಿಯಂದಿರು ಮಗನ ಬೆನ್ನು ತಟ್ಟಿದರು. ಬಹಳ ಹೊತ್ತು ಕೈ ತೆಗೆಯಲಿಲ್ಲ.

ನಾನು ಊರಿಗೆ ಬಂದು ತಿಂಗಳುಗಳಾದವು. ಪ್ರತಿ ಭಾನುವಾರ ನಮ್ಮಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ ಅವನ ಫೋನು ಬರುತ್ತದೆ. ನೀರು ಎಷ್ಟು ಡಿಗ್ರಿಯಿತ್ತು, ಎಷ್ಟು ಕುಡಿದ, ಪೊರೆ ಎಲ್ಲಿಯವರೆಗೆ ಬಂತು, ಎಲ್ಲವನ್ನೂ ಕನ್ನಡದಲ್ಲಿಯೇ ವರದಿ ಮಾಡುತ್ತಾನೆ. ಕನ್ನಡವೂ ಈಗ ಚೆನ್ನಾಗಿ ಮೈಬಿಟ್ಟಿದೆ. ಕೊನೆಗೆ, “ಕೈ ತೊಳೆದುಕೊಂಡೆ, ಅಂಗಿ ಬದಲಾಯಿಸಿದೆ, ಅಜ್ಜಿ. ಈಗ ಪಾಪುವನ್ನು ಎತ್ತಿಕೊಳ್ಳಲಾ?” ಎಂದು ಕೇಳುತ್ತಾನೆ.

“ಎತ್ತಿಕೊಳ್ಳಪ್ಪ,” ಎನ್ನುತ್ತೇನೆ.